ಗಣಕಯಂತ್ರದ ಅಂಗಗಳನ್ನು ಆರಿಸಿಕೊಳ್ಳುವದೂ ಅದರ ತೊಂದರೆಗಳನ್ನು ಪರಿಹರಿಸುವದೂ

ನಮ್ಮ ಶಾಲೆಯಿಂದ ಕಲಿತು ಹೋದ ವಿದ್ಯಾರ್ಥಿನಿಯರೂ ಈಗ ಕಲಿಯುತ್ತಿರುವವರ ತಂದೆತಾಯಿಗಳೂ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆಯು ವರುಷ ವರುಷಕ್ಕೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದೆ. ಮಗಳಿಗೆ ಗಣಕಯಂತ್ರವು ಬೇಕಾಗಿದೆ, ಅಂಗಡಿಯವರು ಹೇಳುವ ಬೆಲೆಯನ್ನು ಕೇಳಿ ದಿಗಿಲಾಗುತ್ತದೆ, ಏನು ಮಾಡತಕ್ಕದ್ದು ಎಂದು ಕೆಲವರು ಕೇಳುತ್ತಾರೆ. ಮನೆಯಲ್ಲಿರುವ ಯಂತ್ರವು ಬಹಳ ನಿಧಾನವಾಗಿದೆ, ಅದನ್ನು ಮಾರಿಬಿಡಲೋ ಸರಿಪಡಿಸಿಕೊಳ್ಳಲೋ ಎಂದು ಮತ್ತೆ ಕೆಲವರು. ಬಳೆಗಳನ್ನು ಅಡವಿಟ್ಟು ಹಣವನ್ನು ಹೊಂದಿಸಿದ್ದೇನೆಂದು ಒಬ್ಬ ತಾಯಿ ಬರೆದಿದ್ದರು. ಅಂಥ ಹಣವು ಬೇಡವಾದ ಅಂಗದ ಮೇಲೆ ವ್ಯಯವಾಗುವದು ಸಣ್ಣ ಮಾತಲ್ಲ. ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆಯುವದು ನನ್ನಿಂದ ಆಗದ ಕೆಲಸವಾದದರಿಂದ, ಶಾಲೆಯ ಗಣಕಕೊಠಡಿಯ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಾ ನಾವು ತಿಳಿದುಕೊಂಡದ್ದನ್ನು ಈ ಸಂಚಿಕೆಯ ಮೂಲಕ ಎಲ್ಲರ ಮುಂದಿಡುತ್ತೇನೆ.

ಮೇಜಿನ ಮೇಲಿಡುವ ಗಣಕಯಂತ್ರವು ಒಂದೇ ಅಖಂಡ ವಸ್ತುವಲ್ಲ. ಅದು ಏಳೆಂಟು ಅಂಗಗಳ ಕೂಟ. ಒಂದೊಂದನ್ನೂ ಬೇರೆಬೇರೆ ಕಡೆಯಲ್ಲಿ ಕೊಂಡು, ಒಂದು ತಿರುಪುಳಿಯ ಸಹಾಯದಿಂದ ಜೋಡಿಸಬಹುದು. ಇದು ಹೀಗಾದದ್ದಕ್ಕೆ ಕಾರಣವುಂಟು. ೧೯೮೧ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೇರಿಕದ ಐ.ಬಿ.ಎಂ. ಕಂಪೆನಿಯವರು ತಮ್ಮ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಬೇಗನೆ ಮುಗಿಸಬೇಕೆಂಬ ಅವಸರದಿಂದ ಹೆಚ್ಚಿನ ಅಂಗಗಳನ್ನು ಹೊರಗಿನವರಿಂದಲೇ ಪಡೆದರು. ಪ್ರೊಸೆಸರು ಇಂಟೆಲ್ ಕಂಪೆನಿಯ ೮೦೮೮. ಯಂತ್ರವನ್ನು ನಡಿಸುವ ವ್ಯವಸ್ಥೆಯು ಮೈಕ್ರೋಸಾಫ್ಟಿನದು. ಒಳಗಿನ ರಚನೆಯ ನಕ್ಷೆಗಳನ್ನೂ ಪುಸ್ತಕರೂಪವಾಗಿ ಪ್ರಕಟಿಸಿದರು. ಇದರಿಂದ ಬೇರೆಯವರೂ ಅದಕ್ಕೆ ಒಪ್ಪುವ ಅಂಗಗಳನ್ನು ತಯಾರಿಸತೊಡಗಿದರು. ೧೯೯೫ರಲ್ಲಿ ಇಂಟೆಲಿನವರು ಎ.ಟಿ.ಎಕ್ಸ್. ಎಂಬ ಅಳತೆಯ ನಿಯಮವನ್ನು ಕೊಟ್ಟ ಮೇಲೆ, ತಿರುಪುಗಳ ತೂತುಗಳು ಎಲ್ಲಿರಬೇಕೆಂಬುದು ಸಹ ಗೊತ್ತಾಯಿತು. ಪೂರ್ಣ ಎ.ಟಿ.ಎಕ್ಸ್. ಫಲಕವು ೩೦೫ ಮಿಲಿಮೀಟರ್ ಉದ್ದ, ೨೪೪ ಅಗಲ. ಮೈಕ್ರೋ ಎಂಬದು ೨೪೪ಕ್ಕೆ ೨೪೪. ಮನೆಗೆ ಈ ಎರಡನೆಯದೇ ಸಾಕು.

ಈಗ ಹಳೆಯ ಯಂತ್ರದ ವಿಷಯವನ್ನೇ ಮೊದಲು ಹೇಳುತ್ತೇನೆ. ಯಾಕಂದರೆ ಬಹುಮಂದಿಗೆ ಹೊಸದನ್ನು ಕೊಳ್ಳುವ ಅಗತ್ಯವೇ ಇರುವದಿಲ್ಲ.

ನಮ್ಮ ಗಣಕಕೊಠಡಿಯಲ್ಲಿರುವ ಯಂತ್ರಗಳು ಇಂಟೆಲಿನ ನಾಲ್ಕನೆಯ ಪೀಳಿಗೆಯವು, ಅಂದರೆ ಸುಮಾರು ೨೦೧೩ನೆಯ ಇಸವಿಯ ಜಾತಿಯವು. ಒಂದು ಕಚೇರಿಯವರು ಉಪಯೋಗಿಸಿ ಬಿಟ್ಟದ್ದನ್ನು ನಮಗೆ ದಾನವಾಗಿ ಕೊಟ್ಟದ್ದು. ಗುಂಡಿಯನ್ನು ಒತ್ತಿದ ಮೇಲೆ ಅವು ಕೆಲಸಕ್ಕೆ ಸಿದ್ಧವಾಗುವದಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಕಾಲ ಬೇಕಾಗುತ್ತಿತ್ತು. ನಲವತ್ತು ನಿಮಿಷದ ಪಾಠದಲ್ಲಿ ಅದು ಅಲ್ಪ ನಷ್ಟವಲ್ಲ. ಪ್ರೊಸೆಸರು ಹಳೆಯದಾಯಿತು, ಎಲ್ಲವನ್ನೂ ಬದಲಾಯಿಸಿರಿ ಎಂದು ನೋಡಲು ಬಂದವರೊಬ್ಬರು ಹೇಳಿ ದೊಡ್ಡದೊಂದು ಪಟ್ಟಿಯನ್ನು ಬರೆದುಕೊಟ್ಟರು. ಆದರೆ ಯಂತ್ರವು ಕಾಯುತ್ತಿರುವಾಗ ಪ್ರೊಸೆಸರು ಎಷ್ಟು ದುಡಿಯುತ್ತದೆಂದು ಪರದೆಯ ಮೇಲೆ ನೋಡಿದರೆ ಅದು ಬಹುತೇಕ ಸುಮ್ಮನೆ ಕುಳಿತಿತ್ತು; ನೂರಕ್ಕೆ ನೂರು ದುಡಿಯುತ್ತಿದ್ದದ್ದು ಹಾರ್ಡ್ ಡಿಸ್ಕು.

ಇದರ ಕಾರಣವನ್ನು ತಿಳಿಯುವದು ಕಷ್ಟವಲ್ಲ. ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ ೭೨೦೦ ಸಲ, ಅಂದರೆ ಸೆಕೆಂಡಿಗೆ ೧೨೦ ಸಲ ತಿರುಗುವ ತಟ್ಟೆಯುಂಟು. ಬೇಕಾದ ಬರಹವು ಓದುವ ಮುಳ್ಳಿನ ಕೆಳಗೆ ಬರಬೇಕಾದರೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಆ ಕಡೆಗೆ ಸರಿಯುವದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಎಲ್ಲಾ ಸೇರಿ ಒಂದು ತುಣುಕಿಗೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ. ಇದು ಅಲ್ಪವೆಂದು ತೋರಬಹುದು. ಆದರೆ ಯಂತ್ರವು ಎದ್ದೇಳುವಾಗ ಚದರಿರುವ ಸಾವಿರಾರು ತುಣುಕುಗಳನ್ನು ಓದಬೇಕು. ಸೆಕೆಂಡಿಗೆ ನೂರರಂತೆ ಓದಿದರೆ ಅದು ಯಾವಾಗ ಮುಗಿದೀತು? ಎಸ್.ಎಸ್.ಡಿ. ಎಂಬ ಸಾಧನದಲ್ಲಿ ತಿರುಗುವ ವಸ್ತುವೇ ಇಲ್ಲ. ಅದು ಸೆಕೆಂಡಿಗೆ ಹತ್ತಾರು ಸಾವಿರ ತುಣುಕುಗಳನ್ನು ತೆಗೆದುಕೊಡಬಲ್ಲದು. ನಾವು ಪ್ರೊಸೆಸರನ್ನು ಮುಟ್ಟದೆ ಡಿಸ್ಕಿಗೆ ಬದಲಾಗಿ ಎಸ್.ಎಸ್.ಡಿ.ಯನ್ನು ಹಾಕಿದೆವು, ೪ ಜಿ.ಬಿ. ಇದ್ದ ರ‍್ಯಾಮನ್ನು ೮ ಜಿ.ಬಿ. ಮಾಡಿದೆವು. ಈಗ ಅದೇ ಯಂತ್ರಗಳು ಅರ್ಧ ನಿಮಿಷದೊಳಗೆ ಎದ್ದು ನಿಲ್ಲುತ್ತವೆ.

ರ‍್ಯಾಮ್ ಎಂಬದು ಯಂತ್ರದ ಕೆಲಸದ ಮೇಜು. ಡಿಸ್ಕು ಗೋಡೆಯ ಕಪಾಟು. ಮೇಜು ಕಿರಿದಾದರೆ ಪುಸ್ತಕಗಳನ್ನು ಘಳಿಗೆಗೊಮ್ಮೆ ಕಪಾಟಿಗೆ ಇಟ್ಟು ತರಬೇಕಾಗುವದು. ಹೀಗೆ ಸಾಗಿಸುವದರಲ್ಲೇ ಕಾಲವು ಹೋಗುತ್ತದೆ. ಆದರೆ ಮೇಜು ಒಮ್ಮೆ ಸಾಕಷ್ಟು ಅಗಲವಾದ ಮೇಲೆ ಅದನ್ನು ಇನ್ನೂ ಅಗಲಮಾಡಿ ಪ್ರಯೋಜನವಿಲ್ಲ. ಬರೆಯುವ ಓದುವ ಕೆಲಸಕ್ಕೆ ೮ ಜಿ.ಬಿ. ಸಾಕು, ೧೬ ಇದ್ದರೆ ನಿಶ್ಚಿಂತೆ. ೩೨ ಬೇಕೆಂದು ಯಾರಾದರೂ ಒತ್ತಾಯ ಮಾಡಿದರೆ ಯಾವ ಕೆಲಸಕ್ಕೆ ಎಂದು ಕೇಳಿರಿ. ೨೦೨೫ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಕೃತ್ರಿಮ ಬುದ್ಧಿಗೋಸ್ಕರ ಕಟ್ಟುವ ದೊಡ್ಡ ಕೇಂದ್ರಗಳ ಬೇಡಿಕೆಯ ದೆಸೆಯಿಂದ ರ‍್ಯಾಮಿನ ಬೆಲೆಯು ಬಹಳವಾಗಿ ಏರಿತು. ಆದದರಿಂದ ಹಳೆಯ ಯಂತ್ರದಲ್ಲಿರುವ ರ‍್ಯಾಮನ್ನು ಕಸಕ್ಕೆ ಹಾಕಬೇಡಿರಿ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಯಂತ್ರಗಳ ತಾಯಿಫಲಕವು ಎಚ್ ೮೧ ಎಂಬ ಜಾತಿಯದು. ಮದರ್‌ಬೋರ್ಡಿಗೆ ನಾನು ತಾಯಿಫಲಕವೆಂದು ಹೇಳಿದರೆ ಒಂಬತ್ತನೆಯ ತರಗತಿಯವರು ನಗುತ್ತಾರೆ, ನಗಲಿ. ಅದರಲ್ಲಿ ಡಿಸ್ಕುಗಳಿಗೆ ನಾಲ್ಕು ಸಾಟಾ ಕುಳಿಗಳಿದ್ದರೂ ಎರಡು ಮಾತ್ರ ಸೆಕೆಂಡಿಗೆ ೬ ಗಿಗಾಬಿಟ್ ವೇಗದವು. ಉಳಿದ ಎರಡು ೩ರವು. ಎಸ್.ಎಸ್.ಡಿ.ಯನ್ನು ವೇಗದ ಕುಳಿಗೇ ಸೇರಿಸತಕ್ಕದ್ದು. ಫಲಕದ ಮೇಲೆಯೇ ಕುಳಿಯ ಹೆಸರು ಸಣ್ಣಕ್ಷರಗಳಲ್ಲಿ ಅಚ್ಚಾಗಿರುತ್ತದೆ.

ಹಳೆಯ ಯಂತ್ರಕ್ಕೆ ಒಂದು ಮಿತಿಯೂ ಉಂಟು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಇಸವಿ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣಾಸಾಧನವೂ, ಇಂಟೆಲಿನಲ್ಲಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮೇಲಿನ ಪ್ರೊಸೆಸರೂ ಬೇಕು. ನಾಲ್ಕನೆಯ ಪೀಳಿಗೆಯ ಯಂತ್ರಕ್ಕೆ ಅದು ಅಧಿಕೃತವಾಗಿ ಸಲ್ಲದು. ಇದಕ್ಕೋಸ್ಕರ ಯಂತ್ರವನ್ನೇ ಬಿಸಾಡಬೇಕೆಂಬುದು ನನಗೆ ಒಪ್ಪಿಗೆಯಾಗದ ಮಾತು. ಲಿನಕ್ಸ್ ಎಂಬ ವ್ಯವಸ್ಥೆಯು ಬೆಲೆಯಿಲ್ಲದೆ ದೊರೆಯುತ್ತದೆ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳು ಅದರಲ್ಲೇ ಕಲಿತಿದ್ದಾರೆ. ಕನ್ನಡವನ್ನು ಯೂನಿಕೋಡಿನಲ್ಲಿ ಟೈಪು ಮಾಡುವದಕ್ಕೆ ಅದರಲ್ಲಿ ಯಾವ ಅಡ್ಡಿಯೂ ಇಲ್ಲ. ಆದರೆ ಮಗಳ ಕಾಲೇಜಿನವರು ವಿಂಡೋಸಿನಲ್ಲಿ ಮಾತ್ರ ನಡೆಯುವ ಒಂದು ತಂತ್ರಾಂಶವನ್ನು ಕಡ್ಡಾಯ ಮಾಡಿದ್ದರೆ ಹೊಸ ಯಂತ್ರವೇ ಗತಿ. ಕೊಳ್ಳುವ ಮೊದಲು ಕಾಲೇಜಿನವರನ್ನು ಕೇಳಿರಿ.

ಹೊಸದನ್ನು ಜೋಡಿಸುವವರು ಪ್ರೊಸೆಸರಿನಿಂದ ಆರಂಭಿಸುತ್ತಾರೆ. ನಾನು ಕೆಲಸದಿಂದ ಆರಂಭಿಸಿರಿ ಎನ್ನುತ್ತೇನೆ. ಲೆಕ್ಕಪತ್ರ, ಪ್ರಬಂಧ, ಪಾಠದ ಚಲಚ್ಚಿತ್ರಗಳನ್ನು ನೋಡುವದು, ಪೈಥಾನಿನಂಥ ಭಾಷೆಯಲ್ಲಿ ಕ್ರಮವಿಧಿಗಳನ್ನು ಬರೆಯುವದು, ಇವಿಷ್ಟಕ್ಕೂ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡು ಬೇಡ; ಪ್ರೊಸೆಸರಿನಲ್ಲೇ ಅಡಕವಾಗಿರುವ ಚಿತ್ರಶಕ್ತಿಯು ಸಾಕು. ಮನೆಕಟ್ಟುವ ಶಾಸ್ತ್ರದ ಮೂರು ಆಯಾಮದ ನಕ್ಷೆಗಳು, ಚಲಚ್ಚಿತ್ರಗಳ ಸಂಕಲನ ಮುಂತಾದವುಗಳಿಗೆ ಅದು ಬೇಕಾದೀತು. ಆಟಗಳಿಗೂ ಬೇಕು, ಅಂಗಡಿಯವರು ಇಂಜಿನಿಯರಿಂಗಿಗೆ ಎಂದು ಹೇಳಿ ಮಾರುವ ಎಷ್ಟೋ ಕಾರ್ಡುಗಳು ನಿಜವಾಗಿ ಮನೆಯಲ್ಲಿರುವ ತಮ್ಮನ ಆಟಕ್ಕೇ ಉಪಯೋಗವಾಗುವದನ್ನು ನೋಡಿದ್ದೇನೆ.

ಇಲ್ಲಿ ಒಂದು ಬಲೆಯುಂಟು. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ ಎಫ್ ಎಂಬ ಅಕ್ಷರವಿದ್ದರೆ ಅದರೊಳಗೆ ಚಿತ್ರಶಕ್ತಿಯು ಇಲ್ಲವೆಂದು ಅರ್ಥ. ಎ.ಎಂ.ಡಿ. ಕಂಪೆನಿಯ ರೈಜನ್ ೫ ೫೬೦೦ ಎಂಬದಕ್ಕೂ ಅದಿಲ್ಲ. ೫೬೦೦ಜಿ ಎಂಬದಕ್ಕೆ ಉಂಟು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಅಂಗಡಿಯವರು ಕೆಲವು ನೂರು ರೂಪಾಯಿ ಕಡಿಮೆಯೆಂದು ಹೇಳಿ ಎಫ್ ಪ್ರೊಸೆಸರನ್ನು ಕೊಟ್ಟರು, ಕಾರ್ಡು ಕೊಡಲಿಲ್ಲ. ಯಂತ್ರದ ಪಂಖಗಳು ತಿರುಗಿದವು, ಪರದೆಯ ಮೇಲೆ ಏನೂ ಬರಲಿಲ್ಲ. ಪರದೆಯೇ ಕೆಟ್ಟಿದೆ ಎಂದು ಅವರು ಎರಡನೆಯ ಪರದೆಯನ್ನೂ ಮಾರುವದರಲ್ಲಿದ್ದರು. ಅವಳು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದಿ ನಮ್ಮನ್ನು ಕೇಳಿದ್ದರಿಂದ ಆ ಹಣವು ಉಳಿಯಿತು.

ಅಂಗಗಳು ಒಂದಕ್ಕೊಂದು ಹೊಂದುವದು ಎಲ್ಲಕ್ಕಿಂತ ಮುಖ್ಯ. ಪ್ರೊಸೆಸರು ಕುಳಿತುಕೊಳ್ಳುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಇಂಟೆಲಿನ ೧೨, ೧೩, ೧೪ನೆಯ ಪೀಳಿಗೆಗಳಿಗೆ ೧೭೦೦ ಮೊಳೆಗಳ ಪೀಠ. ೨೦೨೪ರಲ್ಲಿ ಬಂದ ಮೇಜಿನ ಯಂತ್ರಗಳ ಕೋರ್ ಅಲ್ಟ್ರಾ ಪ್ರೊಸೆಸರುಗಳಿಗೆ ೧೮೫೧ರದು. ಎ.ಎಂ.ಡಿ.ಯವರ ಎ.ಎಂ. ೪ ಪೀಠವು ೨೦೧೭ರಲ್ಲಿ ರೈಜನಿನೊಡನೆ ಪ್ರಸಿದ್ಧಿಗೆ ಬಂದು ಬಹುಕಾಲ ಬಾಳಿತು, ೨೦೨೨ರಲ್ಲಿ ಎ.ಎಂ. ೫ ಬಂತು. ಪೀಠವು ಒಂದೇ ಎಂದ ಮಾತ್ರಕ್ಕೆ ಹೊಂದುವದೆಂದು ಸಹ ಹೇಳಲಾಗದು. ೧೧೫೧ ಎಂಬ ಪೀಠವನ್ನು ಇಂಟೆಲಿನವರು ೨೦೧೫ರಲ್ಲಿ ಆರನೆಯ ಪೀಳಿಗೆಗೆ ತಂದರು. ೨೦೧೭ರಲ್ಲಿ ಮೇಜಿನ ಯಂತ್ರಗಳ ಎಂಟನೆಯ ಪೀಳಿಗೆಗೂ ಅದೇ ಆಕಾರವನ್ನಿಟ್ಟರು. ಆದರೂ ಎಂಟನೆಯದು ಹಿಂದಿನ ಫಲಕಗಳಲ್ಲಿ ನಡೆಯುವದಿಲ್ಲ. ಹಳೆಯ ಫಲಕಕ್ಕೆ ಹೊಸ ಪ್ರೊಸೆಸರು ಎಂದು ಆಸೆಪಡುವವರು ಫಲಕದ ತಯಾರಕರು ಪ್ರಕಟಿಸುವ ಒಪ್ಪುವ ಪ್ರೊಸೆಸರುಗಳ ಪಟ್ಟಿಯನ್ನು ನೋಡಿಯೇ ಕೊಳ್ಳತಕ್ಕದ್ದು. ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಬಯಾಸಿನ ಆವೃತ್ತಿಯನ್ನೂ ಬರೆದಿರುತ್ತಾರೆ. ಆ ಆವೃತ್ತಿ ಇಲ್ಲದಿದ್ದರೆ ಸರಿಯಾದ ಪ್ರೊಸೆಸರೂ ಸತ್ತಂತೆ ಬಿದ್ದಿರುವದು.

ರ‍್ಯಾಮಿನಲ್ಲಿ ಡಿ.ಡಿ.ಆರ್. ೩, ೪, ೫ ಎಂಬ ಪೀಳಿಗೆಗಳುಂಟು. ಅವುಗಳ ವೋಲ್ಟು ಕ್ರಮವಾಗಿ ೧.೫, ೧.೨, ೧.೧, ಒಂದರ ಜಾಗದಲ್ಲಿ ಮತ್ತೊಂದು ಸೇರದಂತೆ ಕೆಳಗಿನ ಕಚ್ಚನ್ನು ಬೇರೆಬೇರೆ ಸ್ಥಳದಲ್ಲಿಟ್ಟಿದ್ದಾರೆ. ಎ.ಎಂ. ೫ಕ್ಕೆ ಡಿ.ಡಿ.ಆರ್. ೫ ಒಂದೇ. ಇಂಟೆಲಿನ ೧೭೦೦ ಪೀಠದಲ್ಲಾದರೋ ಕೆಲವು ಫಲಕಗಳು ೪ನ್ನು, ಕೆಲವು ೫ನ್ನು ಕೇಳುತ್ತವೆ. ಹೆಸರುಗಳು ಬಹುಮಟ್ಟಿಗೆ ಒಂದೇ ಆಗಿರುವದರಿಂದ ಇಲ್ಲಿ ಮೋಸಹೋಗುವವರು ಅನೇಕರು. ೧೬ ಜಿ.ಬಿ.ಯ ಒಂದು ಪಟ್ಟಿಗಿಂತ ೮ರ ಎರಡು ಪಟ್ಟಿಗಳು ಮೇಲು. ಎರಡು ದಾರಿಗಳಲ್ಲಿ ಸಂಚಾರವಾಗುವದರಿಂದ, ವಿಶೇಷವಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇಲ್ಲದವರಿಗೆ, ಲಾಭವು ಕಾಣುತ್ತದೆ. ನಾಲ್ಕು ಕುಳಿಗಳಿರುವ ಫಲಕದಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಅವನ್ನು ಹಾಕತಕ್ಕದ್ದು.

ಇನ್ನು ಯಾರೂ ಕೇಳದ, ಆದರೆ ನಾನು ಎಲ್ಲರಿಗೂ ಹೇಳುವ ಒಂದು ಅಂಗವಿದೆ: ವಿದ್ಯುತ್ತನ್ನು ಹಂಚುವ ಪವರ್ ಸಪ್ಲೈ ಎಂಬ ಪೆಟ್ಟಿಗೆ. ಗೋಡೆಯಿಂದ ಬರುವ ೨೩೦ ವೋಲ್ಟಿನ ಪ್ರವಾಹವನ್ನು ಅದು ೧೨, ೫ ಮತ್ತು ೩.೩ ವೋಲ್ಟುಗಳ ನೇರ ಪ್ರವಾಹವಾಗಿ ಮಾಡಿಕೊಡುತ್ತದೆ. ಅಂದವಾದ ಗಾಜಿನ ಡಬ್ಬಿಗೂ ಬಣ್ಣದ ದೀಪಗಳಿಗೂ ಹಣ ಕೊಟ್ಟು ಈ ಪೆಟ್ಟಿಗೆಯನ್ನು ಅತಿ ಅಗ್ಗದ್ದಾಗಿ ಹಾಕಿಸಿಕೊಳ್ಳುವದು ಬುದ್ಧಿವಂತಿಕೆಯಲ್ಲ. ಇದು ಕೆಟ್ಟರೆ ಒಂದೊಂದು ಸಲ ಉಳಿದವುಗಳನ್ನೂ ಕೂಡಿಸಿಕೊಂಡು ಹೋಗುತ್ತದೆ. ಕಾರ್ಡಿಲ್ಲದ ಸಾಧಾರಣ ಯಂತ್ರವು ಹೆಚ್ಚೆಂದರೆ ೧೫೦ರಿಂದ ೨೦೦ ವಾಟ್ ಎಳೆಯುತ್ತದೆ. ಹೆಸರಾಂತ ತಯಾರಕರ ೪೫೦ ವಾಟಿನದು ಧಾರಾಳವಾಯಿತು. ೮೦ ಪ್ಲಸ್ ಎಂಬ ಮುದ್ರೆಯಿದ್ದರೆ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಾದರೂ ಕೆಲಸಕ್ಕೆ ಬರುತ್ತದೆಂದು ಪರೀಕ್ಷೆಯಾಗಿದೆಯೆಂದರ್ಥ. ಮಳೆಗಾಲದಲ್ಲಿ ಗಳಿಗೆಗೊಮ್ಮೆ ವಿದ್ಯುತ್ತು ಹೋಗಿಬರುವ ನಮ್ಮಂಥ ಊರುಗಳಲ್ಲಿ ಒಂದು ಯು.ಪಿ.ಎಸ್. ಸಹ ಬೇಕು. ಡಬ್ಬಿಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವದಾದರೆ ದೋಷವು ಬಹುಶಃ ಮನೆಯ ಭೂಸಂಪರ್ಕದ ತಂತಿಯದು. ವಿದ್ಯುತ್ ಕೆಲಸದವರನ್ನು ಕರೆಸಿರಿ. ಆ ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಎಂದಿಗೂ ಬಿಚ್ಚಕೂಡದು. ತಂತಿಯನ್ನು ಕಿತ್ತ ಮೇಲೆಯೂ ಅದರೊಳಗೆ ಮುನ್ನೂರು ವೋಲ್ಟಿಗೆ ಮೇಲ್ಪಟ್ಟ ಶಕ್ತಿಯು ಸ್ವಲ್ಪ ಕಾಲ ಶೇಖರವಾಗಿ ನಿಂತಿರಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನಲ್ಲಾಗಲಿ ಕೊಳ್ಳುವಾಗ ಪ್ರತಿಯೊಂದು ಅಂಗದ ಕ್ರಮಸಂಖ್ಯೆಯನ್ನೂ ರಸೀತಿಯಲ್ಲಿ ಬರೆಸಿಕೊಳ್ಳಿರಿ. ಜವಾಬ್ದಾರಿಯ ಅವಧಿಯು ಒಂದೊಂದಕ್ಕೂ ಬೇರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ ತಯಾರಕರೇ ಸಾಮಾನ್ಯವಾಗಿ ೩ ವರುಷ ಹೊಣೆಯಾಗಿರುತ್ತಾರೆ. ಬಿಡಿಯಾಗಿ ಕೊಡುವದಕ್ಕೆ ಅಂಗಡಿಯವರ ಮಾತೇ ಆಧಾರ.

ಜೋಡಿಸುವ ಕ್ರಮವನ್ನು ಫಲಕದೊಡನೆ ಬರುವ ಪುಸ್ತಿಕೆಯು ಚಿತ್ರಸಹಿತ ತಿಳಿಸುವದರಿಂದ ಎರಡು ಮಾತು ಮಾತ್ರ. ಪ್ರೊಸೆಸರನ್ನು ಒತ್ತಿ ಕೂರಿಸಬಾರದು. ಮೂಲೆಯ ಚಿನ್ನದ ತ್ರಿಕೋನವನ್ನು ಸರಿಹೊಂದಿಸಿದರೆ ಅದು ತನ್ನ ಭಾರದಿಂದಲೇ ಕುಳಿತುಕೊಳ್ಳುವದು. ತಂಪುಗಾರಕದ ಅಡಿಯಲ್ಲಿ ಅಂಟಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಬಿಗಿದರೆ ಪ್ರೊಸೆಸರು ಕೂಡಲೇ ಕಾದು, ತನ್ನನ್ನು ಉಳಿಸಿಕೊಳ್ಳಲಿಕ್ಕಾಗಿ ವೇಗವನ್ನು ತಗ್ಗಿಸಿಕೊಳ್ಳುವದು, ಇಲ್ಲವೆ ಆರಿಹೋಗುವದು.

ತೊಂದರೆಗಳ ವಿಷಯದಲ್ಲಿ ನಾನು ಹುಡುಗಿಯರಿಗೆ ಕಲಿಸುವದು ಇಷ್ಟೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬದಲಾಯಿಸಿದ್ದನ್ನು ಬರೆದಿಡು. ಮೂರನ್ನು ಒಟ್ಟಿಗೆ ಬದಲಾಯಿಸಿ ಯಂತ್ರವು ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ಯಾರು ಹೇಳಬಲ್ಲರು?

ಗುಂಡಿ ಒತ್ತಿದಾಗ ಏನೂ ಆಗದಿದ್ದರೆ ಗೋಡೆಯಿಂದ ಆರಂಭಿಸಬೇಕು: ಅಲ್ಲಿ ವಿದ್ಯುತ್ತು ಇದೆಯೋ, ಪೆಟ್ಟಿಗೆಯ ಹಿಂದಿನ ಸಣ್ಣ ಗುಂಡಿಯು ಹಾಕಿದೆಯೋ, ಫಲಕಕ್ಕೆ ೨೪ ಸೂಜಿಗಳ ತಂತಿಯು ಪೂರ್ತಿಯಾಗಿ ಒಳಗೆ ಹೋಗಿದೆಯೋ. ಪಂಖವು ತಿರುಗಿಯೂ ಪರದೆಯು ಕಪ್ಪಾಗಿದ್ದರೆ ಪ್ರೊಸೆಸರಿಗೆ ಹೋಗುವ ೮ ಸೂಜಿಗಳ ತಂತಿಯನ್ನು ನೋಡಿರಿ. ಅನಂತರ ಪರದೆಯ ತಂತಿಯನ್ನು. ಗ್ರಾಫಿಕ್ಸ್ ಕಾರ್ಡು ಇರುವಾಗ ಆ ತಂತಿಯನ್ನು ಕಾರ್ಡಿಗೇ ಸೇರಿಸತಕ್ಕದ್ದು, ತಾಯಿಫಲಕಕ್ಕಲ್ಲ. ಅದೂ ಸರಿಯಿದ್ದರೆ ರ‍್ಯಾಮ್.

ಕಳೆದ ಜುಲೈ ತಿಂಗಳಲ್ಲಿ ಒಂದು ವಾರದ ಜಡಿಮಳೆಯ ಬಳಿಕ ಗಣಕಕೊಠಡಿಯನ್ನು ತೆರೆದಾಗ ಮೂರು ಯಂತ್ರಗಳು ಪಂಖವನ್ನು ತಿರುಗಿಸುತ್ತಾ, ಕೀರಲುಧ್ವನಿ ಮಾಡುತ್ತಾ, ಪರದೆಯನ್ನು ಕಪ್ಪಾಗಿಯೇ ಇಟ್ಟಿದ್ದವು. ನೋಡಲು ಬಂದವರು ಮೂರರ ತಾಯಿಫಲಕವೂ ಹೋಗಿದೆ ಎಂದರು. ಮೂರೂ ಒಂದೇ ದಿನ ಸಾಯುವದೆಂದರೇನು ಎಂದು ಹತ್ತನೆಯ ತರಗತಿಯ ಒಬ್ಬ ಹುಡುಗಿಯು ಕೇಳಿದಳು. ಅದು ನ್ಯಾಯವಾದ ಪ್ರಶ್ನೆ. ಅವಳು ತಂತಿಯನ್ನು ಕಿತ್ತು, ಮೈಯಲ್ಲಿರುವ ಸ್ಥಿರವಿದ್ಯುತ್ತು ಇಳಿಯುವಂತೆ ಡಬ್ಬಿಯ ಬರಿಯ ಲೋಹವನ್ನು ಮುಟ್ಟಿ, ರ‍್ಯಾಮನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರಸಿ, ಎರಡು ಕಡೆಯ ಕೊಂಡಿಯೂ ಟಕ್ಕೆನ್ನುವ ತನಕ ಒತ್ತಿ ಕೂರಿಸಿದಳು. ಮೊದಲನೆಯದು ಎದ್ದಿತು, ಎರಡನೆಯದೂ ಎದ್ದಿತು. ಮೂರನೆಯದರಲ್ಲಿ ನಿಜವಾಗಿಯೂ ಒಂದು ಪಟ್ಟಿ ಕೆಟ್ಟಿತ್ತು. ಬೇರೆ ಯಂತ್ರದ ಪಟ್ಟಿಯನ್ನು ಹಾಕಿ ನೋಡಿ ಅದನ್ನು ಖಚಿತಮಾಡಿಕೊಂಡೆವು. ತೇವದ ಗಾಳಿಯಲ್ಲಿ ಈ ಅಂಚುಗಳ ಮೇಲೆ ಮಬ್ಬು ಕಟ್ಟುವದು ಕರಾವಳಿಯವರಿಗೆ ಹೊಸತಲ್ಲ. ಮೂರು ಫಲಕಗಳ ಬೆಲೆಯು ಒಂದು ರಬ್ಬರಿನಲ್ಲಿ ಉಳಿಯಿತು. ಕೀರಲುಧ್ವನಿಗೂ ಅರ್ಥವುಂಟು, ಎಷ್ಟು ಸಲ, ಎಷ್ಟು ಉದ್ದವೆಂಬುದನ್ನು ಫಲಕದ ಪುಸ್ತಿಕೆಯಲ್ಲಿ ಹುಡುಕಬೇಕು, ಯಾಕಂದರೆ ತಯಾರಕರಿಂದ ತಯಾರಕರಿಗೆ ಅದು ಬೇರೆ.

ಯಂತ್ರವು ಸರಿಯಾಗಿದ್ದರೂ ಜಾಲತಾಣಗಳೆಲ್ಲ ಅಪಾಯವೆಂದು ಹೇಳಿ ತೆರೆಯದಿದ್ದರೆ ಮೂಲೆಯಲ್ಲಿರುವ ದಿನಾಂಕವನ್ನು ನೋಡಿರಿ. ತಾಯಿಫಲಕದ ಮೇಲೆ ಸಿ.ಆರ್. ೨೦೩೨ ಎಂಬ, ನಾಣ್ಯದಂಥ ೩ ವೋಲ್ಟಿನ ಬ್ಯಾಟರಿಯುಂಟು. ಯಂತ್ರವು ಆರಿದ್ದಾಗ ಗಡಿಯಾರವನ್ನು ನಡಿಸುವದು ಅದರ ಕೆಲಸ. ಅದು ಮುಗಿದರೆ ಯಂತ್ರವು ಹತ್ತು ವರುಷ ಹಿಂದಕ್ಕೆ ಹೋಗುತ್ತದೆ. ತಾಣಗಳ ಭದ್ರತಾಪತ್ರವು ಇನ್ನೂ ಹುಟ್ಟಿಲ್ಲವೆಂದು ಅದಕ್ಕೆ ತೋರುತ್ತದೆ. ಅತಿ ಅಗ್ಗದ ಈ ಬ್ಯಾಟರಿಗೋಸ್ಕರ ಇಡೀ ತಂತ್ರಾಂಶವನ್ನು ಹೊಸದಾಗಿ ಹಾಕಿಸಿಕೊಂಡವರನ್ನು ಬಲ್ಲೆ.

ಕೆಲಸದ ನಡುವೆ ತಾನಾಗಿ ಆರಿಹೋಗುವದು ಬಹಳವಾಗಿ ಶಾಖದ ದೋಷ: ಧೂಳು ತುಂಬಿದ ಪಂಖ, ಒಣಗಿದ ಶಾಖಲೇಪ. ಹಾರ್ಡ್ ಡಿಸ್ಕು ಟಿಕ್ ಟಿಕ್ ಎಂದು ಒಂದೇ ಸಮನೆ ಶಬ್ದಮಾಡತೊಡಗಿದರೆ ಮಾತ್ರ ಪರೀಕ್ಷೆಗಳಲ್ಲಿ ಕಾಲ ಕಳೆಯಬಾರದು. ಅದು ಉಸಿರಾಡುತ್ತಿರುವಾಗಲೇ ಫೋಟೋಗಳನ್ನೂ ಕಾಗದಪತ್ರಗಳನ್ನೂ ಬೇರೆಡೆಗೆ ನಕಲುಮಾಡಿಕೊಳ್ಳಬೇಕು.

ತಮ್ಮ ಹಳೆಯ ಯಂತ್ರಗಳನ್ನು ಶಾಲೆಗೆ ಕೊಡುವೆವೆಂದು ಕೆಲವು ಹಳೆಯ ವಿದ್ಯಾರ್ಥಿನಿಯರು ಬರೆದಿದ್ದಾರೆ. ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಕೊಡುವ ಮೊದಲು ನಿಮ್ಮ ಕಡತಗಳನ್ನು ನಕಲುಮಾಡಿಕೊಂಡು ಡಿಸ್ಕನ್ನು ಪೂರ್ತಿಯಾಗಿ ಅಳಿಸಿರಿ. ಬರೇ ಕಸದ ಬುಟ್ಟಿಗೆ ಹಾಕಿದ ಕಡತಗಳನ್ನು ಮರಳಿ ಪಡೆಯಬಹುದು. ಬಯಾಸಿಗೆ ಗುಪ್ತಪದವನ್ನಿಟ್ಟಿದ್ದರೆ ತೆಗೆದುಹಾಕಿರಿ, ಇಲ್ಲವೆ ಕಾಗದದಲ್ಲಿ ಬರೆದು ಡಬ್ಬಿಗೆ ಅಂಟಿಸಿರಿ. ನಡೆಯದ ಯಂತ್ರವೂ ಬೇಡವೆಂದಿಲ್ಲ: ಅದರ ಪಂಖ, ತಂತಿ, ರ‍್ಯಾಮ್, ತಿರುಪುಗಳು ಸಹ ನಮಗೆ ಬೇಕು, ಎಂಟನೆಯ ತರಗತಿಯವರು ಮೊದಲು ಬಿಚ್ಚಿ ಜೋಡಿಸುವದನ್ನು ಕಲಿಯುವದು ಸತ್ತ ಯಂತ್ರದ ಮೇಲೆಯೇ. ಗಣಕಕೊಠಡಿಯು ಶನಿವಾರ ಮಧ್ಯಾಹ್ನ ತೆರೆದಿರುತ್ತದೆ. ತಿರುಪುಳಿಯು ನಮ್ಮಲ್ಲಿದೆ, ಯಂತ್ರದ ಪುಸ್ತಿಕೆಯನ್ನು ಮಾತ್ರ ಮರೆಯದೆ ತನ್ನಿರಿ.